ಗಂಗುಬಾಯಿ ತಂದ ರಬ್ಬರ್ ಚೀಲ

ಐದನೆಯ ಮಗುವನ್ನು ಮಣ್ಣಿಗೆ ಕೊಟ್ಟ ದಿನ ಗಂಗುಬಾಯಿಗೆ ಅಳು ಬರಲಿಲ್ಲ, ನಿದ್ದೆ ಬಂತು. ಹೆರಿಗೆಯಾದ ಮೂಲೆಯಲ್ಲೇ ಕಂಬಳಿ ಎಳೆದುಕೊಂಡು ಗೋಡೆಗೆ ಮುಖ ಮಾಡಿ ಮಲಗಿದಳು. ಹೊರಗೆ ಅತ್ತೆ ಹೀರಾಬಾಯಿ ನೆರೆಯವರ ಮುಂದೆ, "ಕಲ್ಲು ಇದ್ದಾಳ ನೋಡ್ರಿ. ಕಣ್ಣಾಗ ಒಂದ್ ಹನಿ ನೀರು ಬರಲಿಲ್ಲ" ಅನ್ನುತ್ತಿದ್ದದ್ದು ಕೇಳಿಸಿತು. ಉತ್ತರ ಕೊಡಬೇಕೆಂದರೆ ಈ ಕಡೆ ಹೊರಳಬೇಕಾಗಿತ್ತು. ಹೊರಳುವಷ್ಟು ಕಸುವು ಮೈಯಲ್ಲಿ ಇರಲಿಲ್ಲ.

ನಿಜಾಮರ ರಾಜ್ಯದ ಕಾಲ ಅದು. ಭಾಲ್ಕಿಗೆ ರೈಲು ಬಂದು ಇನ್ನೂ ಬಹಳ ವರ್ಷವಾಗಿರಲಿಲ್ಲ. ಗಂಗುಬಾಯಿ ಖಟಕ ಚಿಂಚೋಳಿಯ ಹೆಣ್ಣು. ಔರಾದ ತಾಲೂಕಿನ ಠಾಣಾ ಕುಶನೂರಿಗೆ ಕೊಟ್ಟಿದ್ದರು. ಗಂಡ ಬಕ್ಕಪ್ಪನದು ಕುರಿ ಸಾಕುವ ಮನೆತನ. ಜೋಳ ತೊಗರಿ ಬೆಳೆಯುವ ಒಂದಿಷ್ಟು ಹೊಲ, ಒಂದು ಹಿಂಡು ಕುರಿ, ಜೊತೆಗೆ ತಮ್ಮನ ಸಂಸಾರ. ಸುಗ್ಗಿ ಮುಗಿದ ಮೇಲೆ ಬಕ್ಕಪ್ಪ ಊರಿನ ಇತರರ ಜೊತೆ ಟಗರುಗಳನ್ನು ಹೊಡೆದುಕೊಂಡು ಹೈದರಾಬಾದಿನ ಮಗ್ಗುಲಿನ ಲಷ್ಕರಕ್ಕೆ ಹೋಗುತ್ತಿದ್ದ. ಅಲ್ಲಿ ಬಿಳಿ ಸಿಪಾಯಿಗಳ ಪಾಳ್ಯ. ಮಾಂಸಕ್ಕೆ ಗಿರಾಕಿ ತಪ್ಪುತ್ತಿರಲಿಲ್ಲ. ಟಗರು ಮಾರಿ ಮುಗಿಯುವವರೆಗೆ ಅಲ್ಲೇ ಬಿಡಾರ. ಪಾಳ್ಯ ಇದ್ದಲ್ಲಿ ಅದರ ಬೆನ್ನಿಗೆ ಸಂಜೆ ದೀಪ ಹಚ್ಚಿ ಕೂಡುವ ಹೆಂಗಸರ ಓಣಿಗಳೂ ಇರುತ್ತವೆ.

ಮದುವೆಯಾದ ಎರಡನೆಯ ವರ್ಷ ಬಕ್ಕಪ್ಪ ಲಷ್ಕರದಿಂದ ಬರುವಾಗ ಹುಣ್ಣು ತಂದ. ಗಂಡಸರು ಅದನ್ನು ಗರ್ಮಿ ಅಂದರು, ಹೆಂಗಸರು ಹೆಸರೇ ಹಿಡಿಯಲಿಲ್ಲ. ಔರಾದಿನ ವೈದ್ಯನೊಬ್ಬ ಅವನನ್ನು ಕಂಬಳಿಯೊಳಗೆ ಕೂಡಿಸಿ ಪಾದರಸದ ಹೊಗೆ ಕೊಟ್ಟ. ಬಾಯಿ ಊದಿತು, ಜೊಲ್ಲು ಸುರಿಯಿತು, ಮುಂದಿನ ಹಲ್ಲುಗಳು ಅಲುಗಾಡಿ ಬಿದ್ದವು. ಹುಣ್ಣು ಮಾಯಿತು. ಹುಣ್ಣಿನ ಜೊತೆಗೆ ಬೇನೆಯೂ ಹೋಯಿತೆಂದು ಎಲ್ಲರೂ ತಿಳಿದರು. ಕೆಲವು ತಿಂಗಳಾದ ಮೇಲೆ ಗಂಗುಬಾಯಿಯ ಅಂಗೈ ಅಂಗಾಲುಗಳಲ್ಲಿ ಕೆಂಪು ಕಲೆ ಎದ್ದವು, ಕೂದಲು ಉದುರಿತು. ಅದೂ ತಾನಾಗಿಯೇ ಹೋಯಿತು. ಈ ಎರಡನ್ನು ಯಾರೂ ಸೇರಿಸಿ ನೋಡಲಿಲ್ಲ.

ಆಮೇಲೆ ಬಸಿರುಗಳು ಶುರುವಾದವು. ಮೊದಲನೆಯದು ಹೊಟ್ಟೆಯಲ್ಲೇ ಸತ್ತಿತು, ಎರಡನೆಯದೂ ಹಾಗೆಯೇ. ಮೂರನೆಯದು ಗಂಡು, ಉಸಿರಾಡುತ್ತ ಬಂತು. ಮಡೆಪ್ಪ ಎಂದು ಹೆಸರಿಟ್ಟರು. ಮುದುಕನ ಮುಖ, ಯಾವಾಗಲೂ ಕಟ್ಟಿದ ಮೂಗು, ಮೊಲೆ ಹಿಡಿದರೆ ಉಸಿರು ಸಿಗದೆ ಬಿಡುತ್ತಿದ್ದ. ಅಂಬೆಗಾಲಿಡುವ ಮುಂಚೆಯೇ ಅವನೂ ಹೋದ. ಉಳಿದ ಎರಡಕ್ಕೆ ಹೆಸರಿಡುವ ಗೋಜಿಗೆ ಯಾರೂ ಹೋಗಲಿಲ್ಲ. ಹೀರಾಬಾಯಿ ಹರಕೆ ಹೊತ್ತಳು, ತಾಯಿತ ಕಟ್ಟಿಸಿದಳು, ಕೊನೆಗೆ ಸೊಸೆಯ ಹೊಟ್ಟೆಯನ್ನೇ ಬೈದಳು. ಬಸಿರಾಗುವುದು, ಹೊರುವುದು, ಹೂಳುವುದು, ಅದರ ನಡುವೆಯೇ ಕುರಿ ಹಟ್ಟಿಯ ಕಸ, ಜೋಳದ ರೊಟ್ಟಿ, ಬಾವಿಯ ನೀರು. ಗಂಗುಬಾಯಿಗೆ ಮೂವತ್ತು ತುಂಬಿರಲಿಲ್ಲ. ಏಳುವಾಗ ನೆಲಕ್ಕೆ ಕೈ ಊರಿ ಏಳುತ್ತಿದ್ದಳು.

ಐದನೆಯದಾದ ಮೇಲೆ ಅಣ್ಣ ಜ್ಞಾನೇಶ್ವರ ಬಂದ. ಅವನು ಭಾಲ್ಕಿ ಸ್ಟೇಷನ್ನಿನಲ್ಲಿ ಮೈಗೆಲಸದ ಖಲಾಸಿ. ತಂಗಿಯ ಮುಖ ನೋಡಿದವನೇ ಬಾಣಂತನಕ್ಕೆಂದು ಹೇಳಿ ಭಾಲ್ಕಿಗೆ ಕರೆತಂದ, ಅಲ್ಲಿಂದ ರೈಲಿನಲ್ಲಿ ಕೂಡಿಸಿ ಬೀದರದ ದವಾಖಾನೆಗೆ ಕರೆದೊಯ್ದ.

ಹೆಂಗಸರನ್ನು ನೋಡುವ ಡಾಕ್ಟರಬಾಯಿ ಹೈದರಾಬಾದಿನವಳು. ಆಕೆಗೆ ಕನ್ನಡ ಬಾರದು, ಗಂಗುಬಾಯಿಗೆ ಆಕೆಯ ಉರ್ದು ಪೂರ್ತಿ ತಿಳಿಯದು. ನಡುವೆ ಆಯಾ ಶಾಲುಬಾಯಿ ನಿಂತು ಮಾತು ದಾಟಿಸಿದಳು. ಡಾಕ್ಟರಬಾಯಿ ಸತ್ತ ಮಕ್ಕಳ ಬಗ್ಗೆ ಕೇಳಿದಳು, ಗಂಡನಿಗೆ ಹಿಂದೆ ಹುಣ್ಣಾಗಿತ್ತೇ, ಹಲ್ಲು ಬಿದ್ದಿವೆಯೇ ಎಂದೂ ಕೇಳಿದಳು. ತೋಳಿನಿಂದ ರಕ್ತ ತೆಗೆದು ಪರೀಕ್ಷೆಗೆ ಹೈದರಾಬಾದಿಗೆ ಕಳಿಸಿದರು. ಉತ್ತರ ಬಂದ ಮೇಲೆ ಗಂಗುಬಾಯಿ ಮತ್ತೆ ಹೋಗಿ ಅದೇ ಸ್ಟೂಲಿನ ಮೇಲೆ ಕುಳಿತಳು.

"ತಪ್ಪು ನಿನ್ನ ಹೊಟ್ಟೀದಲ್ಲಂತ" ಅಂದಳು ಶಾಲುಬಾಯಿ. "ನಿನ್ನ ಗಂಡನ ಗರ್ಮಿ ಹೋಗಿಲ್ಲ, ರಕ್ತದಾಗ ಅದ. ಅವನಿಂದ ನಿನಗ ಬಂತು, ನಿನ್ನಿಂದ ಕೂಸುಗಳಿಗೆ ಹೋಯ್ತು."

ಗಂಗುಬಾಯಿ ಬೆರಳು ಮಡಚಿ ಎಣಿಸಿದಳು. ಆಮೇಲೆ, "ಹಂಗಾದ್ರ ಮೊದಲೇ ತಿಳಿದಿದ್ರ ಆ ಐದೂ ಉಳಿತಿದ್ದವೇನ್ರಿ?" ಎಂದು ಕೇಳಿದಳು.

ಶಾಲುಬಾಯಿ ಇದನ್ನು ಉರ್ದುವಿಗೆ ದಾಟಿಸಲಿಲ್ಲ. "ಅದನ್ನ ಕೇಳಬ್ಯಾಡವ್ವ. ಮುಂದಿಂದು ಕೇಳು" ಅಂದಳು.

ಮುಂದಿನದು ಇಷ್ಟು: ಗಂಡ ಹೆಂಡತಿ ಇಬ್ಬರೂ ಸೂಜಿ ಹಾಕಿಸಿಕೊಳ್ಳಬೇಕು. ಒಂದೆರಡು ಸಲ ಅಲ್ಲ, ವರ್ಷದ ಮೇಲೆ ಹಿಡಿಯುತ್ತದೆ. ಅದು ಮುಗಿಯುವವರೆಗೆ ಬಸಿರಾಗಬಾರದು, ಒಬ್ಬರದು ಒಬ್ಬರಿಗೆ ಮತ್ತೆ ಹತ್ತಬಾರದು. ಡಾಕ್ಟರಬಾಯಿ ಮೇಜಿನ ಖಾನೆಯಿಂದ ಚಪ್ಪಟೆ ಡಬ್ಬಿಯೊಂದನ್ನು ತೆಗೆದಳು. ಒಳಗೆ ಬಿಳಿ ಪುಡಿ ಹಚ್ಚಿದ ರಬ್ಬರಿನ ಚೀಲ. ಗಂಗುಬಾಯಿ ಅದನ್ನು ತೊಳೆದಿಟ್ಟ ಕುರಿಯ ಕರುಳಿನ ತುಂಡೆಂದುಕೊಂಡಳು. ಶಾಲುಬಾಯಿ ತನ್ನ ಎರಡು ಬೆರಳಿಗೆ ಏರಿಸಿ ತೋರಿಸಿದಾಗ ಅವಳಿಗೆ ಅರ್ಥವಾಯಿತು. ನಾಚಿಕೆ ಬರಬೇಕಾಗಿತ್ತು, ಅದಕ್ಕೂ ಮೈಯಲ್ಲಿ ಜಾಗವಿರಲಿಲ್ಲ.

"ಆದ ಮ್ಯಾಲ ಸಾಬೂನು ನೀರಿನಾಗ ತೊಳೀಬೇಕು. ನೆರಳಾಗ ಒಣಗಿಸಬೇಕು. ನೀರು ತುಂಬಿ ತೂತು ಬಿದ್ದದೇನಂತ ನೋಡಬೇಕು. ಎಣ್ಣಿ ಮುಟ್ಟಿಸಬ್ಯಾಡ, ರಬ್ಬರು ಕೊಳೀತದ" ಅಂದಳು ಶಾಲುಬಾಯಿ. ಡಾಕ್ಟರಬಾಯಿ ಇನ್ನೇನೋ ಹೇಳಿದಳು. ಶಾಲುಬಾಯಿ ಧ್ವನಿ ತಗ್ಗಿಸಿದಳು: "ಅವ ಲಷ್ಕರಕ್ಕ ಹೋಗೂದು ಬಿಡಬೇಕು. ಬಿಡೂದಿಲ್ಲಂದ್ರ ಅಲ್ಲೀನೂ ಇದನ್ನ ಹಾಕ್ಕೋಬೇಕಂತ ಹೇಳು."

"ಇದನ್ನ ನಾ ಹೇಳಬೇಕೇನ್ರಿ?"

"ಮತ್ತ ಯಾರು ಹೇಳ್ತಾರ?"

ಕುಶನೂರಿಗೆ ಮರಳಿದ ಮೇಲೆ ಒಂದು ಮಧ್ಯಾಹ್ನ ಹಟ್ಟಿಯಲ್ಲಿ ಬಕ್ಕಪ್ಪ ಒಬ್ಬನೇ ಇದ್ದಾಗ ಹೇಳಿದಳು. ಒಂದೂ ಬಿಡದೆ ಹೇಳಿದಳು. ಬಕ್ಕಪ್ಪ ಕುರಿಯೊಂದರ ಗೊರಸು ಕೆತ್ತುತ್ತಿದ್ದವನು ಚಾಕು ಕೆಳಗಿಟ್ಟ.

"ಪರ ಹೆಂಗಸಿನ ಮುಂದ ನನ್ನ ಗರ್ಮಿ ಸುದ್ದಿ ತಗದೀ?"

"ಆಕಿ ಕೇಳಿದ್ಲು, ಹೇಳಿದ್ನಿ."

"ನನಗ ಏನೂ ಆಗಿಲ್ಲ. ನೋಡು, ಹುಣ್ಣು ಮಾಯ್ದು ಎಷ್ಟು ವರ್ಷ ಆಯ್ತು."

"ನಿಮಗ ಆಗಿಲ್ರಿ. ಸತ್ತದ್ದು ಕೂಸುಗಳು."

ಅವನು ಡಬ್ಬಿ ಕಸಿದು ಕುರಿಗಳ ಕಾಲ ಬುಡಕ್ಕೆ ಎಸೆದ. ಬಡಿಯುತ್ತಾನೆಂದು ಗಂಗುಬಾಯಿ ನಿಂತೇ ಇದ್ದಳು. ಬಡಿಯಲಿಲ್ಲ, ಹೊರಗೆ ಹೋದ. ಅವಳು ಬಗ್ಗಿ ಹಿಕ್ಕೆಯ ನಡುವಿನಿಂದ ಡಬ್ಬಿ ಎತ್ತಿ ಸೆರಗಿನಲ್ಲಿ ಒರೆಸಿದಳು. ಅಂದಿನಿಂದ ಅವಳು ಅತ್ತೆಯ ಮಗ್ಗುಲಲ್ಲಿ ಹಾಸಿಕೊಂಡು ಮಲಗಿದಳು.

ಇದು ಹೀರಾಬಾಯಿಗೆ ನೆವವಾಯಿತು. ಮಗನಿಗೆ ಇನ್ನೊಂದು ಮದುವೆಯ ಮಾತು ತೆಗೆದಳು. ಔರಾದಿನ ಆಚೆ ಚಿಂತಾಕಿ ಊರಿನ ಪಂಢರಿಗೆ ಮದುವೆಗೆ ಬಂದ ಮಗಳಿದ್ದಳು. ಅವರೂ ಕುರಿ ಸಾಕುವವರೇ. ಮಾತು ಬೇಗ ಕುದುರಿತು. ಗಂಗುಬಾಯಿಯ ಎದುರಿಗೇ ಸೀರೆ ಕುಪ್ಪಸದ ಮಾತಾಯಿತು. ಬಕ್ಕಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಗಂಗುಬಾಯಿ ಜಗಳ ತೆಗೆಯಲಿಲ್ಲ. ಸವತಿ ಬಂದರೆ ಬಾವಿಯ ನೀರಿಗಾದರೂ ಜೊತೆಯಾಗುತ್ತಾಳೆ ಎಂದು ಒಮ್ಮೆ ಅನ್ನಿಸಿತು ಕೂಡ. ಆದರೆ ರೊಟ್ಟಿ ಬಡಿಯುವಾಗ ಮಡೆಪ್ಪನ ಕಟ್ಟಿದ ಉಸಿರು ಕಿವಿಯಲ್ಲಿ ಬಂದಂತಾಗುತ್ತಿತ್ತು. ಆ ಹುಡುಗಿಯ ಕಿವಿಗೂ ಅದು ಬೀಳಬೇಕೇ? ಒಂದು ಬೆಳಗ್ಗೆ ಎರಡು ರೊಟ್ಟಿಯ ಜೊತೆ ಆ ಡಬ್ಬಿಯನ್ನೂ ಕಟ್ಟಿಕೊಂಡು ಚಿಂತಾಕಿಯ ದಾರಿ ಹಿಡಿದಳು.

ಪಂಢರಿಯ ಹೆಂಡತಿ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಬಂದವಳು ಯಾರೆಂದು ತಿಳಿದಾಗ ಮೊರ ಕೆಳಗಿಟ್ಟಳು. ಗಂಗುಬಾಯಿ ಕಟ್ಟೆಯ ಮೇಲೆ ಕುಳಿತು, ನೀರು ಕೇಳಿ ಕುಡಿದು, ಗಂಡನ ಬೇನೆಯ ಹೆಸರು ಹೇಳಿದಳು. ತನ್ನ ಬೇನೆಯೂ ಅದೇ ಎಂದು ಹೇಳಿದಳು. ಯಾವ ಹೆಂಗಸೂ ತನ್ನ ಬಾಯಿಂದ ಹೇಳದ ಮಾತು ಅದು.

"ಸವತಿ ಬರ್ತಾಳಂತ ಹೊಟ್ಟಿಕಿಚ್ಚಿಗಿ ಬಂದೀ ಏನವ್ವ?" ಅಂದಳು ಪಂಢರಿಯ ಹೆಂಡತಿ.

"ಹೊಟ್ಟಿಕಿಚ್ಚು ಪಡ್ಲಾಕ ಕಸುವು ಬೇಕಲ್ರಿ ಯಕ್ಕಾ. ನನ್ನ ಬಲ್ಲಿ ಇಲ್ಲ. ನಿಮ್ಮ ಹುಡಗೀನ ಕೊಡಬ್ಯಾಡ್ರಿ ಅಂತ ನಾ ಅನ್ನಂಗಿಲ್ಲ. ಅವ ಸೂಜಿ ಹಾಕಿಸ್ಕೊಂಡ ಮ್ಯಾಲ ಕೊಡ್ರಿ. ಇಲ್ಲಂದ್ರ ಆಕೀನೂ ನನ್ನಂಗ ಹೂಳ್ಕೋತ ಕೂಡ್ತಾಳ."

ಆ ಹೆಂಗಸು ಎದ್ದಳು. ಒಳಗಿನಿಂದ ಒಂದು ತುಂಡು ಬೆಲ್ಲ ತಂದು ಕೊಟ್ಟಳು. ಮದುವೆ ಮುರಿಯಿತು.

ಸುದ್ದಿ ಗಂಗುಬಾಯಿಗಿಂತ ಮುಂಚೆ ಕುಶನೂರು ಮುಟ್ಟಿತ್ತು. ಮನೆತನದ ಮರ್ಯಾದೆ ಬೀದಿಗೆ ಹಾಕಿದವಳು ಹೊಸ್ತಿಲು ದಾಟಕೂಡದೆಂದು ಹೀರಾಬಾಯಿ ಅಡ್ಡ ಕುಳಿತಳು. ಬಕ್ಕಪ್ಪ ಮನೆಯಲ್ಲಿರಲಿಲ್ಲವೋ, ಇದ್ದೂ ಹೊರಗೆ ಬರಲಿಲ್ಲವೋ. ಗಂಗುಬಾಯಿ ಸಿಕ್ಕ ಬಂಡಿಯಲ್ಲಿ ಭಾಲ್ಕಿಗೆ ಹೋದಳು. ಅಣ್ಣನ ಮನೆಯಲ್ಲಿದ್ದುಕೊಂಡು ತನ್ನ ಪಾಲಿನ ಸೂಜಿಗಾಗಿ ರೈಲಿನಲ್ಲಿ ಬೀದರಕ್ಕೆ ಹೋಗಿ ಬರತೊಡಗಿದಳು. ಸೂಜಿ ಹಾಕಿದ ದಿನ ತಲೆ ಸುತ್ತಿ ವಾಂತಿಯಾಗುತ್ತಿತ್ತು. ಕಿಟಕಿಗೆ ತಲೆ ಆನಿಸಿಕೊಂಡೇ ಊರು ತಲುಪುತ್ತಿದ್ದಳು.

ಮಳೆಗಾಲ ಹಿಂದಾದ ಮೇಲೆ ಬಕ್ಕಪ್ಪ ಭಾಲ್ಕಿಗೆ ಬಂದ. ಜ್ಞಾನೇಶ್ವರನ ಮನೆಯ ಹೊರಗೆ ಬೇವಿನ ಕೆಳಗೆ ಕುಳಿತ. ಒಳಗೆ ಕರೆದರೆ ಬರಲಿಲ್ಲ. ಔರಾದಿನ ಸುತ್ತ ಇನ್ನು ತನಗೆ ಯಾರೂ ಹೆಣ್ಣು ಕೊಡುವುದಿಲ್ಲ ಎಂಬುದು ಅವನಿಗೆ ತಿಳಿದಿತ್ತು. ಅದಕ್ಕೇ ಬಂದನೋ, ಬೇರೆ ಏನಾದರೂ ಒಳಗೆ ಕೊರೆದು ಬಂದನೋ, ಗಂಗುಬಾಯಿ ಕೇಳಲಿಲ್ಲ. ನೀರಿನ ತಂಬಿಗೆ ತಂದು ಮುಂದಿಟ್ಟಳು.

"ಸೂಜಿ ಭಾಳ ಬ್ಯಾನಿ ಆಗ್ತದೇನು?" ಎಂದು ಅವನು ಕೇಳಿದ.

"ಆಗ್ತದ."

"ನಿನಗೂ ಆಗ್ತದೇನು?"

"ನನಗೂ ಆಗ್ತದ್ರಿ."

ಅವನು ನೀರು ಕುಡಿದ. ಮುಂದಿನ ಸಲ ಇಬ್ಬರೂ ರೈಲಿನ ಒಂದೇ ಬೋಗಿಯಲ್ಲಿ ಕುಳಿತು ಬೀದರಕ್ಕೆ ಹೋದರು.

ಬಕ್ಕಪ್ಪ ಹಿಂಡನ್ನು ಭಾಲ್ಕಿಯ ಕಡೆಗೇ ಹೊಡೆದುಕೊಂಡು ಬಂದ. ಗೊಬ್ಬರಕ್ಕಾಗಿ ರೈತರ ಹೊಲಗಳಲ್ಲಿ ಕುರಿ ಕೂಡಿಸುತ್ತ, ಹೊಲದ ಬದುವಿನ ಗುಡಿಸಲಿನಲ್ಲಿ ಇಬ್ಬರೂ ಇದ್ದರು. ಡಬ್ಬಿಯ ಚೀಲ ಮೊದಲ ಸಲವೇ ಹರಿಯಿತು. ಬಿಗಿಯಾಯಿತೆಂದು ಬಕ್ಕಪ್ಪ ಕುಸುಬೆ ಎಣ್ಣೆ ಹಚ್ಚಿದ್ದ. ಗಂಗುಬಾಯಿ ಮುಟ್ಟು ಬರುವವರೆಗೂ ಅನ್ನ ಸೇರದೆ ಕಾದಳು. ಬಂತು. ಶಾಲುಬಾಯಿಯ ಮುಂದೆ ಹೋಗಿ ಇನ್ನೊಂದು ಬೇಡಿದಾಗ ಆಕೆ ಬೈದೇ ಕೊಟ್ಟಳು. ಆಮೇಲೆ ಅವಳು ತಾನೇ ತೊಳೆದು, ನೀರು ತುಂಬಿ ಬೆಳಕಿಗೆ ಹಿಡಿದು ನೋಡಿ, ಗುಡಿಸಲಿನ ಒಳಗಿನ ಹಗ್ಗಕ್ಕೆ ಹಾಕುತ್ತಿದ್ದಳು. ಬಕ್ಕಪ್ಪನಿಗೆ ಅದು ಸೇರುತ್ತಿರಲಿಲ್ಲ. ಗೊಣಗುತ್ತಿದ್ದ, ಕೆಲವು ಸಲ ಸಿಟ್ಟಾಗಿ ಮುಖ ತಿರುಗಿಸಿ ಮಲಗುತ್ತಿದ್ದ. ಅವಳು ಒತ್ತಾಯ ಮಾಡುತ್ತಿರಲಿಲ್ಲ, ಬಿಟ್ಟೂ ಕೊಡುತ್ತಿರಲಿಲ್ಲ.

ಸುಗ್ಗಿಯ ನಂತರ ಅವನು ಟಗರುಗಳನ್ನು ಲಷ್ಕರಕ್ಕೆ ಒಯ್ಯುವ ಮಾತೆತ್ತಿದಾಗ ಗಂಗುಬಾಯಿ ಶಾಲುಬಾಯಿ ಹೇಳಿಕೊಟ್ಟ ಮಾತನ್ನು ಮತ್ತೆ ಹೇಳಿದಳು. ಹೇಳುವಾಗ ಧ್ವನಿ ಏರಲಿಲ್ಲ. "ಹೋದ್ರ ಇದನ್ನ ಒಯ್ರಿ."

ಬಕ್ಕಪ್ಪ ತಲೆ ಬಗ್ಗಿಸಿದ. "ಆ ಓಣಿಗಿ ಹೋಗಂಗಿಲ್ಲ ಬಿಡು" ಅಂದ. ಅವಳು ಅದನ್ನು ನಂಬಲಿಲ್ಲ, ಅಲ್ಲಗಳೆಯಲೂ ಇಲ್ಲ.

ಹೀಗೆ ಎರಡು ಸುಗ್ಗಿ ಕಳೆದವು. ಈ ದಿನಗಳಲ್ಲಿ ಗಂಗುಬಾಯಿಗೆ ಯಾರೂ ಹೇಳದೇ ಇದ್ದ ಒಂದು ಸಂಗತಿ ತಿಳಿಯಿತು. ಹೊಟ್ಟೆ ಬರಿದಾಗಿದ್ದರೆ ಮೈ ಹಗುರಾಗಿರುತ್ತದೆ, ಉಂಡ ಅನ್ನ ತನಗೇ ಹತ್ತುತ್ತದೆ, ನೆಲಕ್ಕೆ ಕೈ ಊರದೆ ಏಳಬಹುದು. ಬೆಳಗ್ಗೆ ಎದ್ದಾಗ ಮುಂದೆ ಹೂಳಬೇಕಾದದ್ದು ಯಾವುದೂ ಇರುವುದಿಲ್ಲ.

ಕೊನೆಗೊಂದು ದಿನ ಡಾಕ್ಟರಬಾಯಿ ಇಬ್ಬರ ರಕ್ತವೂ ಶುದ್ಧವಾಗಿದೆ ಅಂದಳು. ಇನ್ನು ಮಗುವಾಗಲಿ, ಹೆದರಬೇಡಿ ಅಂದಳು. ರೈಲಿನಲ್ಲಿ ಬಕ್ಕಪ್ಪ ಬಹಳ ದಿನಕ್ಕೆ ನಕ್ಕ. ಬಿದ್ದ ಹಲ್ಲಿನ ಜಾಗ ಕಂಡಿತು. ಗಂಗುಬಾಯಿ ಕಿಟಕಿಯ ಹೊರಗಿನ ತೊಗರಿ ಹೊಲ ನೋಡುತ್ತ, "ನನಗ ಬ್ಯಾಡ್ರಿ" ಅಂದಳು.

"ಏನು ಬ್ಯಾಡ?"

"ಕೂಸು ಬ್ಯಾಡ. ಆಕಿ ಹೇಳೂದು ಖರೇ ಇರಬಹುದು. ಆದ್ರ ಒಂಬತ್ತು ತಿಂಗಳು ಮತ್ತ ಎಣಿಸ್ಕೋತ ಕೂಡೂದು ನನ್ನಿಂದ ಆಗಂಗಿಲ್ಲ. ನಿಮಗ ಬೇಕಂದ್ರ ಇನ್ನೊಬ್ಬಾಕೀನ ತರ್ರಿ. ಈಗ ತಂದ್ರ ನಾ ಚಿಂತಾಕಿಗೆ ಹೋಗಂಗಿಲ್ಲ."

ಅವನು ಆಚೆಗೆ ತಿರುಗಿ ಕುಳಿತ. ಇಬ್ಬರೂ ಕುಶನೂರಿಗೆ ಮರಳಿದರು. ಹೀರಾಬಾಯಿಗೆ ಕಣ್ಣು ಮಂಜಾಗಿತ್ತು, ಬಾಗಿಲಿಗೆ ಅಡ್ಡ ಕೂಡುವ ಹಟವೂ ಉಳಿದಿರಲಿಲ್ಲ. ಬಕ್ಕಪ್ಪ ಹಟ್ಟಿಯಲ್ಲೇ ಮಲಗತೊಡಗಿದ. ಗಂಡಹೆಂಡತಿ ನಡುವೆ ಮಾತು ಕುರಿ ಮತ್ತು ಹೊಲದ ಸುದ್ದಿಗಷ್ಟೇ ಇತ್ತು. ಡಬ್ಬಿಯೊಳಗಿನ ರಬ್ಬರು ಹಳೆಯದಾಗಿ ಬಿರುಕು ಬಿಟ್ಟಿತು. ಸುಗ್ಗಿಯ ನಂತರ ಅವನು ಟಗರುಗಳನ್ನು ಹೊಡೆದುಕೊಂಡು ಲಷ್ಕರಕ್ಕೆ ಹೋದ. ಗಂಗುಬಾಯಿ ಈ ಸಲ ಏನೂ ಹೇಳಲಿಲ್ಲ.

ತಿರುಗಿ ಬಂದ ದಿನ ಅವಳು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬಕ್ಕಪ್ಪ ಕಾಲು ತೊಳೆದು ಬಂದು ಎದುರಿಗೆ ಕುಳಿತ. ಸೊಂಟದ ಗಂಟು ಬಿಚ್ಚಿ ಹೊಸ ಡಬ್ಬಿಯೊಂದನ್ನು ಮೊರದ ಪಕ್ಕಕ್ಕಿಟ್ಟ.

"ಲಷ್ಕರದಾಗ ಇಂಗ್ರೇಜಿ ಔಷಧದ ಅಂಗಡಿ ಅದ" ಅಂದ.

"ನೀವೇ ಹೋಗಿ ಕೇಳಿದ್ರೇನು?"

"ಹೂಂ. ಹೆಸರು ಗೊತ್ತಿರಲಿಲ್ಲ. ಬೆರಳು ತೋರ್ಸಿ ಕೇಳಿದ್ನಿ."

"ಅಂಗಡ್ಯಾಂವ ಏನಂದ?"

"ನಕ್ಕ. ಅಲ್ಲಿದ್ದವರೆಲ್ಲ ನಕ್ಕರು."

"ನೀವು?"

"ನಾ ನಗಲಿಲ್ಲ."

ಗಂಗುಬಾಯಿ ಡಬ್ಬಿ ತೆರೆದು ನೋಡಲಿಲ್ಲ. ಮೊರದಲ್ಲಿ ಉಳಿದ ಜೋಳ ಹಸನು ಮಾಡಿ ಮುಗಿಸಿ, ಕೈ ಒರೆಸಿಕೊಂಡು ಎದ್ದು ಅವನಿಗೆ ಊಟಕ್ಕೆ ಇಕ್ಕಿದಳು. ಅಂದಿನಿಂದ ಬಕ್ಕಪ್ಪ ಮನೆಯೊಳಗೆ ಮಲಗಿದ. ಊರಿನವರು ಕೊನೆಯವರೆಗೂ ಅವಳನ್ನು ಬಂಜೆ ಅಂದರು, ಬಕ್ಕಪ್ಪನ ತಮ್ಮನ ಮಕ್ಕಳು ದೊಡ್ಡವ್ವ ಅಂದರು. ಎರಡಕ್ಕೂ ಅವಳು ಓಗೊಡುತ್ತಿದ್ದಳು.