ಫೈರ್ ಇಂಜಿನ್ನಿನ ಗಂಟೆ ಹುಡುಕುತ್ತ

ಬೆಳಿಗ್ಗೆ ಹಾಸನದಲ್ಲಿ ಅರಕಲಗೂಡಿನ ಬಸ್ ಹತ್ತಿದೆ. ಹೆಂಗಸರಿಗೆ ಟಿಕೆಟ್ ಉಚಿತ, ಕಿಟಕಿ ಸೀಟು ಮಾತ್ರ ಜಗಳಾಡಿಯೇ ಪಡೆಯಬೇಕು. ಪಡೆದೆ. ಹೊರಗೆಲ್ಲ ಮಂಜು.

ತೀರಿಹೋದ ನಮ್ಮ ಯಜಮಾನರು ಹಾಸನದಲ್ಲಿ ಫೈರ್ ಇಂಜಿನ್ ಓಡಿಸುತ್ತಿದ್ದರು. ಆಗ ಈಗಿನಂತೆ ತಾಲ್ಲೂಕಿಗೊಂದು ಅಗ್ನಿಶಾಮಕ ಠಾಣೆ ಇರಲಿಲ್ಲ. ಎಲ್ಲಿ ಹುಲ್ಲಿನ ಮೆದೆ ಹೊತ್ತಿದರೂ, ಹಸು ಬಾವಿಗೆ ಬಿದ್ದರೂ ಹಾಸನದ ಗಾಡಿಯೇ ಓಡಬೇಕು. ಹೋಗುವಾಗ ಹಿತ್ತಾಳೆ ಗಂಟೆಯನ್ನು ಬಿಡದೆ ಬಾರಿಸಬೇಕು, ಬರುವಾಗ ಸದ್ದು ಮಾಡಬಾರದು. ನಮ್ಮವರು ಮಾತ್ರ ನಮ್ಮ ಬೀದಿ ತುದಿಯಲ್ಲಿ ಒಂದೇ ಒಂದು ಏಟು ಹೊಡೆಸುತ್ತಿದ್ದರು. ಅದು ಕೇಳಿದ ಮೇಲೇ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದದ್ದು. ಆ ಗಾಡಿ ಗುಜರಿಗೆ ಹೋಯಿತು, ಗಂಟೆ ಯಾವುದೋ ತಾಲ್ಲೂಕಿನ ಠಾಣೆಯಲ್ಲಿದೆ ಎಂದು ಅವರ ಜೊತೆಯವರೊಬ್ಬರು ಹೇಳಿದ್ದರು. ಅದರ ಸದ್ದನ್ನು ಇನ್ನೊಮ್ಮೆ ಕೇಳದೆ ನನಗೆ ಸಮಾಧಾನವಿರಲಿಲ್ಲ.

ಅರಕಲಗೂಡಿನ ಠಾಣೆಯಲ್ಲಿ ಸಿಗಲಿಲ್ಲ. ತಂಬಾಕಿನ ಎಲೆ ಬೇಯಿಸಿ ಒಣಗಿಸುವ ಬ್ಯಾರನ್ ಕೊಟ್ಟಿಗೆಗೆ ಬಿದ್ದ ಬೆಂಕಿ ಆರಿಸಿ ಆಗಷ್ಟೇ ಬಂದವರು ಮಸಿ ಮುಖದಲ್ಲೇ ಕಾಫಿ ಕೊಟ್ಟರು. “ಈಗೆಲ್ಲಾ ಸೈರನ್ನು ಕಣಮ್ಮ. ಒಳೇನರಸೀಪುರ್ದಲ್ಲಿ ಕೇಳ್ನೋಡಿ” ಎಂದರು.

ಹೊಳೆನರಸೀಪುರದಲ್ಲಿ ಇಡ್ಲಿ ಚೆನ್ನಾಗಿತ್ತು, ಗಂಟೆ ಇರಲಿಲ್ಲ. ಹೇಮಾವತಿಯಲ್ಲಿ ಮುಳುಗಿದವರನ್ನು ಎತ್ತುವ ಹಗ್ಗ ಒಣಹಾಕುತ್ತಿದ್ದವರೊಬ್ಬರು ಚನ್ನರಾಯಪಟ್ಟಣಕ್ಕೆ ಹೋಗಿ ನೋಡಿ ಎಂದರು. ಮತ್ತೆ ಬಸ್ಸು, ಮತ್ತೆ ಕಿಟಕಿಗೆ ಜಗಳ.

ಚನ್ನರಾಯಪಟ್ಟಣದ ಠಾಣೆಯ ಜಗಲಿಯಲ್ಲಿ ಅದು ತೂಗುತ್ತಿತ್ತು. ಅಂಚಿನಲ್ಲಿ ನಮ್ಮವರ ಗಂಟೆಗಿದ್ದ ಅದೇ ನೆಗ್ಗು. ಅದನ್ನು ಬೆರಳಿನಿಂದ ಸವರಿದೆ.

“ಒಂದೇ ಏಟು ಒಡೀಲೇನಪ್ಪಾ?” ಎಂದೆ.

ಠಾಣೆಯ ಅಧಿಕಾರಿ ಕೈ ಮುಗಿದರು. “ಬ್ಯಾಡಿ ಕಣಮ್ಮ. ಸದ್ದಾದ್ರೆ ನಮ್ಮೋರು ಉಣ್ಣಾ ತಟ್ಟೆ ಬಿಟ್ಟು ಗಾಡಿ ಅತ್ಬುಡ್ತಾರೆ.”

ಒಳಗೆ ನಿಜಕ್ಕೂ ಮುದ್ದೆ ಬಡಿಸಿತ್ತು. ಗಂಟೆಯ ಕೆಳಗೇ ಕೂತೆ. ಅಷ್ಟರಲ್ಲಿ ಫೋನ್ ಬಂತು. ತೋಟದ ಬಾವಿಗೆ ಯಾರೋ ಹೆಂಗಸು ಬಿದ್ದಿದ್ದಳು. ಅಧಿಕಾರಿ ಓಡಿಬಂದು ನನ್ನ ತಲೆಯ ಮೇಲೇ ಗಂಟೆ ಬಾರಿಸಿದರು. ಬೆಳಗಿನಿಂದ ಅಲೆದದ್ದು ಅದಕ್ಕೇ, ಆದರೆ ನಾನು ಎರಡೂ ಕಿವಿ ಮುಚ್ಚಿಕೊಂಡೆ. ಅದು ಹೋಗುವ ಗಂಟೆ. ಹೋದವರು ಬರುತ್ತಾರೋ ಇಲ್ಲವೋ ಎಂಬ ಅದೇ ಹಳೆಯ ಹೆದರಿಕೆ ಎದೆಗೆ ಬಂತು.

ಗಾಡಿ ಹೋಯಿತು. ಹಾಸನದ ಬಸ್ಸುಗಳೂ ಹೋದವು. ನಾನು ಏಳಲಿಲ್ಲ.

ಸಂಜೆ ಗಾಡಿ ಸದ್ದಿಲ್ಲದೆ ಒಳಬಂತು. “ಬದುಕವ್ಳೆ ಕಣಮ್ಮ!” ಎಂದು ಒಬ್ಬರು ಕೂಗಿದರು. ಎಲ್ಲರೂ ತೊಯ್ದು ತೊಪ್ಪೆಯಾಗಿ ಇಳಿದರು. ಕೊನೆಗೆ ಡ್ರೈವರ್ ಇಳಿದು ಬಾಗಿಲು ಹಾಕಿದ. ನಮ್ಮವರು ಇನ್ನೂ ಇಳಿಯಬೇಕಿದೆ ಎಂಬಂತೆ ನಾನು ಆ ಬಾಗಿಲನ್ನೇ ನೋಡುತ್ತ ಕೂತಿದ್ದೆ.