ಶೇಂಗಾ ಹಿಂಡಿಯ ಲಾಗರಿದಮ್

ನಾ ಊಟಕ್ಕ ಕೂತಾಗೂ ಪಾಠ ಮಾಡ್ತೇನಿ ಅಂತ ನಮ್ಮ ಮನಿಯವರ ತಕರಾರು ಅದ. ತಕರಾರು ಖರೇನ ಅದ ಬಿಡ್ರಿ. ಅಫಜಲಪುರದಾಗ ಪಿಯುಸಿ ಹುಡುಗರಿಗೆ ಗಣಿತ ಕಲಿಸಾಕಿ ನಾ. ಹಗಲೆಲ್ಲ ಒದರಿದ ಬಾಯಿ ಮನಿಗೆ ಬಂದ ಕೂಡ್ಲೆ ಮುಚ್ಚು ಅಂದ್ರ ಹ್ಯಾಂಗ ಮುಚ್ಚತದ?

ಈಗ ಲಾಗರಿದಮ್ ನಡದದ. ಹೆದರಬ್ಯಾಡ್ರಿ, ನಿಮಗ ಪರೀಕ್ಷಾ ಇಡೂದಿಲ್ಲ. ಎರಡನ್ನ ಮೂರು ಸಲ ಬರದು ಗುಣಿಸಿದ್ರ ಎಂಟು. ಅಂದ್ರ ಎರಡನ್ನ ಆಧಾರ ಹಿಡದ್ರ ಎಂಟರ ಲಾಗ್ ಮೂರು. ಎಂಟನ್ನೇ ಆಧಾರ ಹಿಡದ್ರ ಅದೇ ಎಂಟರ ಲಾಗ್ ಬರೇ ಒಂದು. ಎಂಟು ಪಾಪ ಕೂತಲ್ಲೇ ಕೂತದ. ಅಳೆಯೋವ್ರು ಬದಲಾದ್ರು, ಅಷ್ಟ. ಕ್ಯಾಲ್ಕುಲೇಟರಿನಾಗ ನೋಡಿದ್ರ ಎರಡರ ಆಧಾರದ ಗುಂಡಿ ಇರೂದಿಲ್ಲ, ಹತ್ತರದ್ದು ಇರತದ. ಅದಕ್ಕ ಎಂಟರದ್ದೂ ಎರಡರದ್ದೂ ಲಾಗ್ ಹತ್ತರ ಆಧಾರದಾಗ ತಗೊಂಡು, ಎಂಟರದ್ದನ್ನ ಎರಡರದ್ದರಿಂದ ಭಾಗಿಸಬೇಕು, ಅದೇ ಮೂರು ಬರತದ. ಇಬ್ಬರ ಜಗಳಕ್ಕ ಇಬ್ಬರನ್ನೂ ಬಲ್ಲ ಮೂರನೇದವರನ್ನ ಕರಸೂದು, ಇದ ಸೂತ್ರ. ನಮ್ಮ ಶಾಣ್ಯಾ ಹುಡುಗರು ಮಾತ್ರ "ಮ್ಯಾಲೂ ಲಾಗ್ ಅದ, ಕೆಳಗೂ ಲಾಗ್ ಅದ್ರಿ ಮೇಡಂ" ಅಂತ ಎರಡೂ ಲಾಗ್ ಹೊಡದು ಹಾಕಿ, ಎಂಟನ್ನ ಎರಡರಿಂದ ಭಾಗಿಸಿ, ಉತ್ತರ ನಾಲ್ಕು ಅಂತ ಎದಿ ಉಬ್ಬಿಸಿ ನಿಂದರತಾರ. ನಾ ನಕ್ಕು ನಕ್ಕು ಸಾಕಾಗೇನಿ.

ಇಂಥಾಕಿಗೆ ಮನ್ಯಾಗ ಒಂದು ಲೆಕ್ಕ ಗಂಟು ಬಿತ್ತು. ನಮ್ಮ ಅತ್ತಿಯವರಿಗೆ ಜ್ವರ ಬಂದು ಬಿಟ್ಟಿದ್ವು. ಜ್ವರ ಹೋದ್ರೂ ಹಸಿವಿ ತಿರುಗಿ ಬರಲಿಲ್ಲ. "ಔಷಧ ಸಾಕು, ಇನ್ನ ಹೊಟ್ಟಿಗೆ ಬೀಳಬೇಕು" ಅಂದ್ರು ಡಾಕ್ಟರು. ಅತ್ತಿ ರೊಟ್ಟಿ ಒಂದು ತುಣುಕು ಮುರದು, ನಾ ಕುಟ್ಟಿದ ಶೇಂಗಾ ಹಿಂಡಿ, ಅಂದ್ರ ಚಟ್ನಿಪುಡಿ, ಹಚ್ಚಿ ಬಾಯಾಗ ಇಟ್ಟು, "ಖಾರನ ಇಲ್ಲ ಬೇ" ಅಂತ ತಾಟು ಸರಿಸಿಬಿಡೋರು. ಕೈಯಾಗಿನ ಬಳಿ ಮೊಣಕೈ ಮಟ ಜಾರಾಕತ್ತಿದ್ವು. ನನಗ ಖರೇನ ಅಂಜಿಕಿ ಹತ್ತಿತ್ತು.

ಅತ್ತಿ ಭೀಮಾ ದಂಡಿ ಮಣ್ಣೂರಿನವರು, ನಾ ಆಳಂದ ಕಡಿ ಸರಸಂಬಾದಾಕಿ. ನಮ್ಮಿಬ್ಬರ ನಾಲಿಗಿ ಆಧಾರನ ಬ್ಯಾರೆ ಬ್ಯಾರೆ ಇರಬೇಕು ಅಂದುಕೊಂಡು ಒಂದು ಚಮಚಾ ಖಾರ ಹೆಚ್ಚಿಗಿ ಹಾಕಿದೆ. ಅವರಿಗೆ ಗೊತ್ತಾಗಲೇ ಇಲ್ಲ. ನಾಲಿಗಿ ಕೂಡೂ ಲೆಕ್ಕ ಮಾಡೂದಿಲ್ರಿ, ಗುಣಿಸೂ ಲೆಕ್ಕ ಮಾಡತದ. ಕತ್ತಲ ಕೋಣ್ಯಾಗ ಒಂದು ದೀಪ ಹಚ್ಚಿದ್ರ ಕಾಣತದ, ಮದುವಿ ಮಂಟಪದಾಗ ಇನ್ನೊಂದು ಹಚ್ಚಿದ್ರ ಯಾರು ಕೇಳ್ತಾರ? ಅದಕ್ಕ ಖಾರ ದುಪ್ಪಟ್ಟು ಮಾಡಿದೆ. ಮತ್ತ ದುಪ್ಪಟ್ಟು ಮಾಡಿದೆ. ಮನಿಯವರು ಒಂದು ತುತ್ತು ಉಂಡು, ನೀರಿನ ತಂಬಗಿ ಹುಡುಕ್ಕೋತ ಎದ್ದವರು ತಿರುಗಿ ಬರಲಿಲ್ಲ. ಅತ್ತಿ ಮಾತ್ರ "ಸಪ್ಪಗದ" ಅಂದ್ರು.

ಆಗ ನೆನಪಾದಾಕಿ ಬಾಜೂ ಮನಿ ಖತೀಜಾಬಿ. ಜೇವರ್ಗಿಯಿಂದ ಈ ಊರಿಗೆ ಸೊಸಿಯಾಗಿ ಬಂದಾಕಿ. ಅತ್ತಿ ಮಾಡಿದ ಹಿಂಡೀನೂ ಉಂಡಾಳ, ನಂದೂ ಉಂಡಾಳ. ನನಗ ಹತ್ತರ ಆಧಾರ ಸಿಕ್ಕಿತಲ್ರಿ! ಮುಂಜಾನೆ ಕಾಲೇಜಿಗೆ ಹೊಂಡೂ ಮೊದಲ ಕೈ ಹಿಡದು ಕರಕೊಂಡು ಬಂದೆ.

"ಇದು ಅತ್ತಿ ಮಾಡೂದಕ್ಕಿಂತ ಎಷ್ಟು ಪಟ್ಟು ಖಾರ ಅದ, ಹೇಳು" ಅಂದೆ.

ಆಕಿ ಬ್ಯಾರೆ ತಾಟಿನ ದಾರಿ ಕಾಯಲಿಲ್ಲ. ಸೀದಾ ಅತ್ತಿ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಅವರ ತಾಟಿಗೇ ಕೈ ಹಾಕಿದಳು. ಒಂದು ತುತ್ತಿಗೆ ಕಣ್ಣಾಗ ನೀರು! "ಯಾ ಅಲ್ಲಾ! ಟೀಚರಮ್ಮಾ, ನಿಮಗ ನನ್ನ ಮ್ಯಾಲ ಏನ ಸಿಟ್ಟದರಿ?" ಅಂತ ಒದರಿದಳು. ಅತ್ತಿ ಕಿಸಕ್ಕನ ನಕ್ಕರು. ನಕ್ಕೋತ ನಕ್ಕೋತ ತಾವೂ ಒಂದು ತುತ್ತು ಮುರದ್ರು. ಆಕಿ ತನ್ನ ನಾದಿನಿ ಸುದ್ದಿ ತೆಗದಳು. ಇವರು ಇನ್ನೊಂದು ತುತ್ತು ಮುರದ್ರು.

ನಾ ಬಾಗಲದಾಗ ಚೀಲ ಹಿಡದು ನಿಂತಾಕಿ ನಿಂತೇ ಬಿಟ್ಟೆ. ಮೊದಲೆಲ್ಲ ಅತ್ತಿ, ನಾ ಒಂದೇ ತಾಟಿನಾಗ ಉಣ್ಣತಿದ್ವಿ. ಜ್ವರ ಬಂದಾಗ ಅವರ ತಾಟು ಬ್ಯಾರೆ ಮಾಡಿದ್ದೆ. ಜ್ವರ ಹೋತು, ತಾಟು ಹಂಗ ಬ್ಯಾರೆನ ಉಳೀತು. ಹುಡುಗರಿಗೆ ನಗಲಿಕ್ಕೆ ನನಗೇನ ಹಕ್ಕದ? ನಾನೂ ಅವರಂಗ, ಕೂಡಿ ಉಣ್ಣೂದನ್ನ ಹೊಡದು ಹಾಕಿ ಖಾರ ಒಂದನ್ನ ಹಿಡದು ಭಾಗಿಸಾಕತ್ತಿದ್ದೆ. ನನ್ನ ಕಣ್ಣೂ ತುಂಬಿ ಬಂದ್ವು, ಅದೂ ಹಿಂಡಿ ಮುಟ್ಟದನ.

ಚೀಲ ಕೆಳಗಿಟ್ಟು ನಾನೂ ಅದೇ ತಾಟಿಗೆ ಕೈ ಹಾಕಿದೆ. ಅತ್ತಿ ಜಾಗಾ ಕೊಟ್ಟು ಸರದು ಕೂತ್ರು. ಆಮ್ಯಾಲ ಖಾಲಿ ತಾಟು ನೋಡಿ ಅಂದ್ರು:

"ಇನ್ನೆರಡು ರೊಟ್ಟಿ ತಾ. ಬರೂ ಮುಂದ ಮೊಸರೂ ತಾ. ಇಷ್ಟು ಖಾರ ಯಾರು ತಿಂತಾರ ಬೇ?"