ಚಿಹ್ನೆ ಎಂದರೆ ಗುರುತು

ಕಡಕೊಳದ ಒಂದು ಕಾರ್ಖಾನೆಯಲ್ಲಿ ನಾನು ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಕನ್ನಡ ಸ್ಪಷ್ಟವಾಗಿ ಓದುತ್ತೇನೆಂದು, ಹೊಸದಾಗಿ ಸೇರಿದವರಿಗೆ ಸುರಕ್ಷತೆಯ ಸೂಚನೆ ಓದಿ ಹೇಳುವ ಕೆಲಸವನ್ನೂ ನನಗೇ ಅಂಟಿಸಿದ್ದರು. ಹಾಳೆಯಲ್ಲಿದ್ದುದನ್ನು ಒಂದೇ ಉಸಿರಿಗೆ ಓದಿ ಮುಗಿಸುತ್ತಿದ್ದೆ.

ಒಂದು ದಿನ ‘ಅಪಾಯದ ಚಿಹ್ನೆ ಇರುವ ಡಬ್ಬಗಳನ್ನು ಮುಟ್ಟಬಾರದು’ ಎಂದು ಓದಿದಾಗ, ಕಸ ಗುಡಿಸಲು ಸೇರಿದ್ದ ಕೆಸರೆಯ ಹೆಂಗಸೊಬ್ಬರು ಎದ್ದು ನಿಂತರು. ನಲವತ್ತರ ಆಸುಪಾಸಿನವರು.

“ಚಿಹ್ನೆ ಅಂದ್ರೆ ಎಂಗಿರ್ತದೆ ಸಾ?”

ಊಟದ ಗಂಟೆ ಆಗಲೇ ಹೊಡೆದಿತ್ತು. “ಗುರುತು ಕಣಮ್ಮ. ಚಿತ್ರ ಇರುತ್ತೆ. ನೋಡಿದ್ರೆ ಗೊತ್ತಾಗ್ಬುಡುತ್ತೆ,” ಎಂದೆ. ಆಕೆ ತಲೆಯಾಡಿಸಿ ಕುಳಿತರು.

ಹದಿನೈದು ದಿನವೂ ಕಳೆದಿರಲಿಲ್ಲ. ಯಂತ್ರದ ಕೆಳಗಿನ ಗ್ರೀಸ್ ಒರೆಸಿದ ಆಕೆಯ ಕೈಯೆಲ್ಲ ಕಪ್ಪಾಗಿತ್ತು. ಪಕ್ಕದಲ್ಲಿ ತುಕ್ಕು ತೆಗೆಯುವ ಆಸಿಡ್ಡಿನ ಕ್ಯಾನಿತ್ತು. ಅದನ್ನು ಬಗ್ಗಿಸಿ ಅಂಗೈಗೆ ಸುರಿದುಕೊಂಡು ಉಜ್ಜಿಕೊಂಡಿದ್ದರು. ಕೂಗು ಕೇಳಿ ಓಡಿದೆ. ನಲ್ಲಿಯ ಕೆಳಗೆ ಆ ಕೈಗಳನ್ನು ಹಿಡಿದಿದ್ದವನು ನಾನೇ. ಚರ್ಮ ನೀರಿನ ಜೊತೆ ಬಂದುಬಿಡುತ್ತಿತ್ತು.

ಆಸ್ಪತ್ರೆಗೆ ನೋಡಲು ಹೋದಾಗ ಎರಡೂ ಕೈಗೆ ಬಟ್ಟೆ ಸುತ್ತಿದ್ದರು. ಮಗಳು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು.

“ಅದ್ಯಾಕಮ್ಮ ಸುರ್ಕೊಂಡ್ರಿ?” ಎಂದು ಕೇಳಿದೆ.

“ಚಿತ್ರ ನೋಡ್ದೆ ಸಾ. ಕೈ ಮ್ಯಾಲೆ ನೀರು ಬೀಳ್ತಾ ಇತ್ತು. ಕೈ ತೊಳ್ಕೊಳೋದು ಅನ್ಕೊಂಡೆ.”

ಆ ಕ್ಯಾನಿನ ಮೇಲಿದ್ದುದು ಅದೇ: ಒಂದು ಕೈ, ಅದರ ಮೇಲೆ ಹನಿಗಳು. ಕೈ ಸುಡುತ್ತದೆ ಎಂಬುದಕ್ಕೆ ಅದು ಚಿಹ್ನೆಯೆಂದು ನನಗೂ ಯಾರೋ ಹೇಳಿಕೊಟ್ಟಿದ್ದರು. ಹೇಳಿಕೊಡದೆ ತಾನಾಗಿ ತಿಳಿಯುವ ಚಿಹ್ನೆ ಇಲ್ಲ. ಅದನ್ನು ಅಂದು ಆಸ್ಪತ್ರೆಯ ಸ್ಟೂಲಿನ ಮೇಲೆ ಕೂತು ಅರ್ಥ ಮಾಡಿಕೊಂಡೆ.

ವಿಚಾರಣೆಯ ದಿನ ಮೇಲಧಿಕಾರಿ ನನ್ನನ್ನು ಕರೆದರು. “ಚಿಹ್ನೆಗಳ ಅರ್ಥ ವಿವರಿಸಿದ್ದೆ ಅಂತ ಬರ್ಕೊಡಿ. ಹೇಳಿದ್ರಿ ತಾನೇ?”

ಹೇಳಿದ್ದೇನೋ ನಿಜ. ಬರೆದು ಸಹಿ ಹಾಕಿದೆ. ತಪ್ಪು ಆಕೆಯದೇ ಎಂದಾಯಿತು.

ಕೆಲವು ವಾರಗಳ ನಂತರ ತಡೆಯಲಾರದೆ ಕೆಸರೆಯ ಅವರ ಮನೆಗೆ ಹೋದೆ. ತೊಡೆಯ ಚರ್ಮ ತೆಗೆದು ಅಂಗೈಗೆ ಹಾಕಿದ್ದರು. ಬೆರಳುಗಳು ಮಡಚುತ್ತಿರಲಿಲ್ಲ. ಬಾಗಿಲಲ್ಲೇ ನಿಂತು, ನಾನು ಬರೆದುಕೊಟ್ಟದ್ದನ್ನು ಹೇಳಿದೆ. ಬೈಯಲಿ ಎಂದೇ ಹೇಳಿದೆ. ಮಗಳು ನನ್ನತ್ತ ನೋಡದೆ ಒಳಗೆ ಹೋದಳು.

ಆಕೆ ಮಾತ್ರ, “ನೀವು ಏಳಿದ್ರಿ ಬುಡಿ ಸಾ. ನಂಗೇ ಬುದ್ಧಿ ಸಾಲ್ದು,” ಎಂದರು.

ಇಲ್ಲಮ್ಮ, ನಾನು ಹೇಳಲಿಲ್ಲ ಎನ್ನಬೇಕಿತ್ತು. “ಬರ್ತೀನಮ್ಮ,” ಎಂದು ಹೊರಟುಬಂದೆ. ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಆಕೆ ಮತ್ತೆ ಕೆಲಸಕ್ಕೆ ಬರಲಿಲ್ಲ. ನಾನು ಇನ್ನೂ ಅಲ್ಲೇ ಇದ್ದೇನೆ.